ಮೊಣಕೈವರೆಗೆ ಎಣ್ಣೆ

ನಮ್ಮೂರಿನಲ್ಲಿ ಅಳು ಬಂದವರು ಮೊದಲು ಚಪ್ಪಲಿ ಹುಡುಕುತ್ತಾರೆ. ಚಪ್ಪಲಿ ಮೆಟ್ಟಿಕೊಂಡು, ಮುಖ ಗಂಟು ಹಾಕಿಕೊಂಡು, ಬೀದಿ ದಾಟಿ, ಊರ ಗಡಿಯ ಸುಂಕದ ಕಂಬ ದಾಟಿ, ಅಳುಗಟ್ಟೆ ಮುಟ್ಟುವತನಕ ಒಂದು ಹನಿ ಬೀಳಿಸುವಂತಿಲ್ಲ. ಅಲ್ಲಿ ಕೂತು ಎಷ್ಟು ಬೇಕಾದರೂ ಅಳಬಹುದು, ಯಾರೂ ಬೇಡ ಅನ್ನುವುದಿಲ್ಲ. ಮನೆಯಲ್ಲೇ ಅತ್ತರೆ ಹಿತ್ತಿಲ ಬಾವಿಯ ಎಣ್ಣೆಗೆ ನೀರು ಬೀಳುತ್ತದೆ. ನೀರು ಬಿದ್ದ ಎಣ್ಣೆಯನ್ನು ಡಿಪೋದವರು ಕೊಳ್ಳುವುದಿಲ್ಲ. ಇಷ್ಟೇ ವಿಷಯ.

ಬೇರೆ ಊರುಗಳಲ್ಲಿ ಹಿತ್ತಿಲ ಬಾವಿಯಲ್ಲಿ ನೀರು ಸಿಗುತ್ತದಂತೆ. ನಮ್ಮಲ್ಲಿ ಕಚ್ಚಾ ಎಣ್ಣೆ ಸಿಗುತ್ತದೆ. ಕುಡಿಯುವ ನೀರನ್ನು ಹೊಳೆಯಿಂದ ಗಾಡಿಯ ಮೇಲೆ ತರಿಸಿಕೊಳ್ಳುತ್ತೇವೆ. ಈ ಏರ್ಪಾಟಿಗೆ ಒಗ್ಗಿಹೋಗಿದ್ದೇವೆ. ಹೆಣ್ಣು ನೋಡಲು ಹೋದವರು ಅಡುಗೆ ಬರುತ್ತಾ, ಹಾಡು ಬರುತ್ತಾ ಅಂತ ಕೇಳುವ ಮೊದಲು 'ಹುಡುಗಿ ಗಟ್ಟಿ ತಾನೇ?' ಅಂತ ಕೇಳುತ್ತಾರೆ. ಸಾವಿನ ಮನೆಯವರು ಹೆಣದ ಹಿಂದೆ ಸುಮ್ಮನೆ ನಡೆದು, ಕಂಬ ದಾಟಿದ ಕೂಡಲೇ ಒಮ್ಮೆಲೇ ಗೊಳೋ ಅನ್ನುತ್ತಾರೆ. ಹೊಸಬರಿಗೆ ಅದನ್ನು ನೋಡಿ ಗಾಬರಿಯಾಗುತ್ತದೆ. ಈರುಳ್ಳಿ ಹೆಚ್ಚುವಾಗಿನ ಕಣ್ಣೀರು ಲೆಕ್ಕಕ್ಕಿಲ್ಲ, ಅದು ಬಾವಿಗೂ ಗೊತ್ತು. ಎಳೆಯ ಮಕ್ಕಳ ಅಳುವನ್ನೂ ಬಾವಿ ಹಚ್ಚಿಕೊಳ್ಳುವುದಿಲ್ಲ. ಯಾವ ದಿನ ಮಗುವಿನ ಅಳು ಬಾವಿಗೆ ಬಿತ್ತೋ ಆ ದಿನ ಮಗು ದೊಡ್ಡದಾಯಿತು ಅಂತ ಅಂದುಕೊಂಡು ಚಪ್ಪಲಿ ಕೊಡಿಸುತ್ತೇವೆ. ನನ್ನ ಮಗಳು ಕೊಟ್ರವ್ವನಿಗೆ ಚಪ್ಪಲಿ ಕೊಡಿಸಿದ್ದು ನಾಲ್ಕನೇ ವಯಸ್ಸಿಗೆ, ಅವಳ ಅವ್ವ ತೀರಿಕೊಂಡ ವಾರ.

ಗಂಡಸರ ವಿಷಯವನ್ನೂ ಹೇಳಿಬಿಡುತ್ತೇನೆ. ನಮ್ಮೂರ ಗಂಡಸರು ಅಳುಗಟ್ಟೆಗೆ ರಸ್ತೆಯಲ್ಲಿ ಹೋಗುವುದಿಲ್ಲ. ತಲೆಯ ಮೇಲೆ ಟವೆಲ್ ಹೊದ್ದುಕೊಂಡು ಹಳ್ಳದ ದಾರಿ ಹಿಡಿಯುತ್ತಾರೆ. ಎದುರು ಸಿಕ್ಕವರು 'ಏನ್ ಗೌಡ್ರೆ, ಗಾಳಿಗಾ?' ಅನ್ನುತ್ತಾರೆ, ಇವರು 'ಹ್ಞೂಂ, ಗಾಳಿಗೆ' ಅನ್ನುತ್ತಾರೆ. ಇಬ್ಬರಿಗೂ ಎಲ್ಲಾ ಗೊತ್ತಿರುತ್ತದೆ.

ನನ್ನ ಹೆಸರು ಹಾಲಪ್ಪ. ಊರಿನವರು ಬೊಟ್ಟಿನ ಹಾಲಪ್ಪ ಅನ್ನುತ್ತಿದ್ದರು, ಏಕೆಂದರೆ ಎಣ್ಣೆಗೆ ಬೊಟ್ಟು ಅದ್ದಿ ಅದರ ಗುಣ ಹೇಳುವುದು ನನ್ನ ಕೆಲಸವಾಗಿತ್ತು. ನಮ್ಮಪ್ಪನೂ ಅದನ್ನೇ ಮಾಡುತ್ತಿದ್ದ. ಡಿಪೋದವರು ಕಣ್ಣಾರೆ ಏನೂ ನೋಡುವುದಿಲ್ಲ. ಬೊಟ್ಟಿನವನು 'ಆಗಬಹುದು' ಅಂದರೆ ಲಾರಿ ಬರುತ್ತದೆ, 'ಬೇಡ' ಅಂದರೆ ಲಾರಿ ಮುಂದಿನ ಮನೆಗೆ ಹೋಗುತ್ತದೆ.

ತಿಂಗಳಿಗೊಮ್ಮೆ ಪ್ರತಿ ಮನೆಗೂ ಹೋಗುತ್ತಿದ್ದೆ. ಸೇದಿದ ಎಣ್ಣೆಯನ್ನು ಮನೆಯವರು ಹಿತ್ತಿಲ ಕಲ್ಲುತೊಟ್ಟಿಯಲ್ಲಿ ತುಂಬಿಟ್ಟಿರುತ್ತಾರೆ. ಮೊದಲು ಬಣ್ಣ ನೋಡಬೇಕು. ಬೊಟ್ಟು ಅದ್ದಿ ಬಿಸಿಲಿಗೆ ಹಿಡಿದರೆ ಒಳ್ಳೆಯ ಎಣ್ಣೆಯ ಅಂಚಿನಲ್ಲಿ ಹಸಿರು ಛಾಯೆ ಕಾಣುತ್ತದೆ. ಆಮೇಲೆ ಹೆಬ್ಬೆರಳಿನಿಂದ ತಿಕ್ಕಬೇಕು. ಮರಳಿದ್ದರೆ ತಾಗುತ್ತದೆ, ಮೇಣ ಜಾಸ್ತಿ ಇದ್ದರೆ ಬೆರಳು ಬೆರಳಿಗೆ ಅಂಟುತ್ತದೆ. ಆಮೇಲೆ ಮೂಗು. ಕೊಳೆತ ಮೊಟ್ಟೆಯ ವಾಸನೆ ಬಂದರೆ ಗಂಧಕ ಹೆಚ್ಚು ಅಂತ ಅರ್ಥ, ಅದಕ್ಕೆ ಹುಳಿ ಎಣ್ಣೆ ಅನ್ನುತ್ತೇವೆ. ವಾಸನೆ ಇಲ್ಲದಿದ್ದರೆ ಸಿಹಿ ಎಣ್ಣೆ. ಇವೆಲ್ಲ ನೆಲದ ಗುಣ, ಮನೆಯವರ ತಪ್ಪಲ್ಲ. ಹುಳಿ ಎಣ್ಣೆಯನ್ನೂ ಡಿಪೋದವರು ಕೊಳ್ಳುತ್ತಾರೆ, ಸ್ವಲ್ಪ ಮೂಗು ಮುರಿಯುತ್ತಾರೆ ಅಷ್ಟೆ.

ಕೊನೆಗೆ ಸೌಟು. ಕಬ್ಬಿಣದ ಸೌಟನ್ನು ಕೆಂಡದ ಮೇಲೆ ಕಾಯಿಸಿ, ತೊಟ್ಟಿಯ ತಳದ ಎಣ್ಣೆಯನ್ನು ನಾಲ್ಕು ಹನಿ ಅದಕ್ಕೆ ಬಿಡಬೇಕು. ನೀರು ಬೆರೆತಿದ್ದರೆ ಚಟಪಟ ಅನ್ನುತ್ತದೆ. ಆಗ ನಾನು 'ಮಾತಾಡ್ತು' ಅನ್ನಬೇಕು. ಬೆರೆತಿರದಿದ್ದರೆ ಹೊಗೆಯಾಡಿ ಸುಮ್ಮನಾಗುತ್ತದೆ. ಆಗ 'ಸುಮ್ಮನಿದೆ' ಅನ್ನಬೇಕು. ಇಷ್ಟು ಹೊತ್ತು ಬೀದಿಗೆ ಬೀದಿಯೇ ಗೋಡೆಯಾಚೆ ಉಸಿರು ಬಿಗಿಹಿಡಿದು ನಿಂತಿರುತ್ತದೆ. ಸಾಲಾಗಿ ಮೂರು ತಿಂಗಳು ಸೌಟು ಮಾತಾಡಿದರೆ ಆ ಬಾವಿಯ ಬಾಯಿಗೆ ಮರದ ಹಲಗೆ ಜಡಿದು ಮುಚ್ಚುತ್ತಾರೆ. ಯಾರ ಕಣ್ಣೀರಿಗೆ ಹಲಗೆ ಬಿತ್ತೋ ಅವರು ಆಮೇಲೆ ಸುಂಕದ ಕಂಬದ ಒಳಗೆ ಇರುವಂತಿಲ್ಲ. ಗಂಡನ ಮನೆಯಲ್ಲೂ ಇಲ್ಲ, ತವರಿನಲ್ಲೂ ಇಲ್ಲ.

ನೀರು ತಳಕ್ಕೆ ಇಳಿಯುತ್ತದೆ, ಆದ್ದರಿಂದ ತಳದ ಎಣ್ಣೆಯೇ ಬೇಕು. ಹಿತ್ತಾಳೆಯ ಮಿಳ್ಳೆಯ ಬಾಯಿಗೆ ಹೆಬ್ಬೆರಳು ಒತ್ತಿ, ತೋಳನ್ನು ಮೊಣಕೈ ಮುಳುಗುವತನಕ ಇಳಿಸಿ, ತಳ ಮುಟ್ಟಿದ ಮೇಲೆ ಬೆರಳು ತೆಗೆಯಬೇಕು. ಗುಳುಗುಳು ಅಂತ ಗುಳ್ಳೆ ಮೇಲೆ ಬರುತ್ತವೆ. ಬೊಟ್ಟಿನವನ ಬಲಗೈ ಮೊಣಕೈವರೆಗೆ ಯಾವತ್ತೂ ಕಪ್ಪು. ಸಣ್ಣವಳಿದ್ದಾಗ ಕೊಟ್ರವ್ವ ನನ್ನ ಜೊತೆ ಮನೆ ಮನೆ ತಿರುಗುತ್ತಿದ್ದಳು. ನನ್ನ ಕೈ ನೋಡಿ 'ಅಪ್ಪನ ಒಂದು ಕೈ ಬೇರೆಯವರದು' ಅಂತ ನಗುತ್ತಿದ್ದಳು. ಏಳು ವರ್ಷಕ್ಕೆಲ್ಲ ಅವಳ ಮೂಗು ನನ್ನ ಮೂಗಿಗಿಂತ ಚುರುಕಾಗಿತ್ತು.

ಬೊಟ್ಟಿನವನಿಗೆ ಎರಡು ಕಟ್ಟಳೆ. ಎಣ್ಣೆ ನೋಡಲು ಹೋದ ಮನೆಯಲ್ಲಿ ನೀರು ಸಹ ಕುಡಿಯಬಾರದು. ಯಾರು ಅತ್ತರು ಅಂತ ಕೇಳಬಾರದು. 'ನೋಡು, ಹೇಳು, ಎದ್ದು ಬಾ' ಅನ್ನುತ್ತಿದ್ದ ನಮ್ಮಪ್ಪ. ಮೂವತ್ತೊಂದು ವರ್ಷ ನೋಡಿದೆ, ಹೇಳಿದೆ, ಎದ್ದು ಬಂದೆ. ಈ ಅಭ್ಯಾಸ ಎಷ್ಟು ಬಲಿತಿತ್ತೆಂದರೆ ನನ್ನ ಮನೆಯಲ್ಲೂ ನಾನು ಯಾರನ್ನೂ ಏನನ್ನೂ ಕೇಳುತ್ತಿರಲಿಲ್ಲ.

ಕೊಟ್ರವ್ವನನ್ನು ಪಕ್ಕದ ಬೀದಿಯ ಕೆಂಚಪ್ಪನವರ ಮಗ ವಾಗೀಶನಿಗೆ ಕೊಟ್ಟೆ. ಜನ ಹುಡುಗನನ್ನು ನೋಡಿ ಹೆಣ್ಣು ಕೊಡುತ್ತಾರೆ, ನಾನು ಎಣ್ಣೆ ನೋಡಿ ಕೊಟ್ಟೆ. ಊರಿನಲ್ಲಿ ಅಂಥ ಎಣ್ಣೆ ಇನ್ನೊಂದಿರಲಿಲ್ಲ. ತೆಳುವು, ಸಿಹಿ, ಅಂಚಿನಲ್ಲಿ ಗಿಣಿಹಸಿರು. ಹನ್ನೆರಡು ವರ್ಷಗಳಲ್ಲಿ ಅಲ್ಲಿ ಸೌಟು ಒಂದು ಸಲವೂ ಮಾತಾಡಿರಲಿಲ್ಲ. ಕೆಂಚಪ್ಪನವರು ನೆಟ್ಟಗೆ ನಿಲ್ಲುವ, ಗಟ್ಟಿಯಾಗಿ ನಗುವ ಮನುಷ್ಯ. ಅವರ ಹೆಂಡತಿ ಅಂದಾನಮ್ಮ ಮಾತು ಕಡಿಮೆ, ಕೆಲಸ ಜಾಸ್ತಿ. ವಾಗೀಶ ಡಿಪೋದ ಲಾರಿ ಓಡಿಸುತ್ತಾ ವಾರಕ್ಕೆ ನಾಲ್ಕು ದಿನ ಹೊರಗೇ ಇರುತ್ತಿದ್ದ. ಇಂಥ ಮನೆಯಲ್ಲಿ ಯಾರು ಅಳುತ್ತಾರೆ ಅಂತ ನನ್ನ ಲೆಕ್ಕ.

ಮದುವೆಯಾದ ಎಂಟನೇ ತಿಂಗಳು ಆ ಮನೆಯ ಸೌಟು ಮಾತಾಡಿತು.

ಮೊದಲು ನನ್ನ ಕಿವಿಯನ್ನೇ ನಂಬಲಿಲ್ಲ. ಇನ್ನೊಮ್ಮೆ ತಳದಿಂದ ತೆಗೆದು ಬಿಟ್ಟೆ. ಚಟಪಟ. ಗೋಡೆಯಾಚೆ ಯಾರೋ 'ಅಯ್ಯೋ ಶಿವನೆ' ಅಂದರು. ಆದರೂ ಬಾಯಿ ತನ್ನ ಕೆಲಸ ಮಾಡಿತು: "ಮಾತಾಡ್ತು."

ಕೊಟ್ರವ್ವ ಬಾಗಿಲ ಪಕ್ಕ ನಿಂತಿದ್ದಳು. ಅವಳ ಮುಖದಲ್ಲಿ ಏನೂ ಇರಲಿಲ್ಲ. ಬೊಟ್ಟಿನವನ ಮಗಳಲ್ಲವೇ. ಕೆಂಚಪ್ಪನವರು ಮಾತ್ರ ತೊಟ್ಟಿಯನ್ನೇ ದಿಟ್ಟಿಸುತ್ತಾ "ಹೊಸ ಸೊಸೆ ಮನೆಗೆ ಹೊಂದಿಕೊಳ್ಳೋಕೆ ಟೈಮ್ ಬೇಕು ಬೀಗರೇ, ದೊಡ್ಡದು ಮಾಡ್ಕೊಬೇಡಿ" ಅಂದರು. ದೊಡ್ಡ ಮನಸ್ಸಿನ ಮಾತು ಅಂತ ನನಗೆ ಅನ್ನಿಸಿತು.

ಮುಂದಿನ ತಿಂಗಳು ನಾನು ಒಳಗೆ ಕಾಲಿಡುತ್ತಲೇ ಅಂದಾನಮ್ಮ "ಯಾರು ಬೇಕಾಗಿತ್ತು?" ಅಂದರು. ನಕ್ಕೆ. ಎಣ್ಣೆ ತಿಕ್ಕುತ್ತಿರುವಾಗ ಹತ್ತಿರ ಬಂದು ಮತ್ತೆ "ಯಾರಪ್ಪ ನೀವು?" ಅಂದರು. ಆಮೇಲೆ ಪಕ್ಕದಲ್ಲೇ ನಿಂತಿದ್ದ ಕೆಂಚಪ್ಪನವರನ್ನು ನೋಡಿ "ಇವರೂ ನಿಮ್ ಜೊತೆ ಬಂದೋರಾ?" ಅಂತ ಕೇಳಿದರು. ಹೆಣ್ಣು ಕೊಟ್ಟವನಿಗೆ ಚುಚ್ಚುತ್ತಿದ್ದಾರೆ ಅಂದುಕೊಂಡೆ. ನೀನು ಕೊಟ್ಟ ಹುಡುಗಿಯಿಂದ ನಮ್ಮ ಮನೆ ಈ ಸ್ಥಿತಿಗೆ ಬಂತು, ನಿನ್ನ ಗುರುತು ನಮಗೇಕೆ ಅಂತ. ಕೊಟ್ರವ್ವ ಬಂದು ಅತ್ತೆಯ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು. ಆ ಸಲವೂ ಸೌಟು ಮಾತಾಡಿತು.

ಎರಡಾಯಿತು. ಅವತ್ತಿನಿಂದ ಕೊಟ್ರವ್ವ ದಿನಾ ಬೆಳಿಗ್ಗೆ ಚಪ್ಪಲಿ ಮೆಟ್ಟಿಕೊಂಡು ಅಳುಗಟ್ಟೆಗೆ ಹೊರಟಳು. ಸೆರಗು ಹೊದ್ದು, ತಲೆ ಎತ್ತಿಕೊಂಡು, ನಡುರಸ್ತೆಯಲ್ಲಿ. ಊರು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿತು. ಹೂ ಮಾರುವ ನಿಂಗವ್ವ ನನ್ನನ್ನು ನಿಲ್ಲಿಸಿ, "ಹಾಲಪ್ಪಣ್ಣ, ನಿನ್ ಮಗಳಿಗೆ ಏನಪ್ಪ ಅಂಥಾ ದುಃಖ? ಒಂದಿನಾನೂ ತಪ್ಪಿಸಲ್ವಲ್ಲೋ, ಶಾಲೆಗೆ ಹೋದಂಗೆ ಹೋಗ್ತಾಳೆ" ಅಂದಳು. "ಎಣ್ಣೆಗೆ ನೀರು ಬೀಳದೆ ಇದ್ರೆ ಸರಿ ಕಣವ್ವ" ಅಂದೆ. ನಿಂಗವ್ವ ನನ್ನನ್ನು ಒಂಥರಾ ನೋಡಿ ಹೂವಿಗೆ ನೀರು ಚಿಮುಕಿಸತೊಡಗಿದಳು.

ನನ್ನ ಅನುಭವ ಏನೆಂದರೆ, ದಿನಾ ಕಟ್ಟೆಗೆ ಹೋಗುವಷ್ಟು ಅಳು ಇದ್ದವರು ಮನೆಯಲ್ಲಿ ಒಂದಿಷ್ಟು ಚೆಲ್ಲಿಯೇ ಇರುತ್ತಾರೆ. ಹತ್ತು ಮನೆಯಲ್ಲಿ ಹತ್ತರಲ್ಲೂ ಹಾಗೇ ಆಗಿತ್ತು. ಮೂರನೆಯ ಸಲ ಸೌಟು ಏನು ಹೇಳುತ್ತದೆ ಅಂತ ನನಗೆ ಖಚಿತವಾಗಿತ್ತು. ಮಗಳು ಕಂಬದಾಚೆ ಯಾವುದೋ ಊರಿನಲ್ಲಿ, ಯಾರದೋ ಜಗಲಿಯಲ್ಲಿ ಕೂತಿರುವುದು ಕಣ್ಣಿಗೆ ಕಟ್ಟುತ್ತಿತ್ತು. ಊಟ ಸೇರುತ್ತಿರಲಿಲ್ಲ.

ಪರೀಕ್ಷೆಗೆ ಒಂದು ವಾರ ಇರುವಾಗ ವಾಗೀಶ ನಮ್ಮನೆಗೆ ಬಂದ. ಒಳಗೆ ಬರಲಿಲ್ಲ, ಹೊಸ್ತಿಲಲ್ಲೇ ನಿಂತ.

"ಮಾವ, ನಾನೇನ್ ಕಡಿಮೆ ಮಾಡಿದೀನಿ ಹೇಳಿ. ಹೊಡೆದಿಲ್ಲ, ಬೈದಿಲ್ಲ. ಕೇಳಿದ್ರೆ ಏನೂ ಇಲ್ಲ ಅಂತಾಳೆ. ಏನೂ ಇಲ್ದೆ ದಿನಾ ಕಟ್ಟೆಗೆ ಯಾರಾದ್ರೂ ಹೋಗ್ತಾರಾ?"

"ಗೊತ್ತಿಲ್ಲ ಕಣಪ್ಪ."

"ಈ ಸಲ ಮಾತಾಡಿದ್ರೆ ಹಲಗೆ ಬೀಳುತ್ತೆ. ಅವಳನ್ನ ಇಟ್ಕೊಳ್ಳೋಕೆ ಕೇರಿಯೋರು ಬಿಡಲ್ಲ." ಅವನು ಟವೆಲ್ ತಲೆಗೆ ಎಳೆದುಕೊಂಡ. ಅಲ್ಲೇ ನಿಂತಿದ್ದರೆ ನನ್ನ ಬಾವಿಗೆ ನೀರು ಬೀಳುತ್ತಿತ್ತೇನೋ. ಸರಕ್ಕನೆ ತಿರುಗಿ ಹೋದ, ಹಳ್ಳದ ಕಡೆ.

ಅದಾದ ಎರಡು ದಿನಕ್ಕೆ ಕೊಟ್ರವ್ವನೇ ಬಂದಳು, ಡಬ್ಬಿಯಲ್ಲಿ ಮಂಡಕ್ಕಿ ಒಗ್ಗರಣೆ ತಂದಿದ್ದಳು. ಗೋಡೆಗೆ ಒರಗಿ ಕೂತಳು. ನಾನು ತಿಂದೆ. "ಊಟ ಆಯ್ತಾ?" ಅಂತ ಕೇಳಿದೆ. ಆಯ್ತು ಅಂದಳು. ಸ್ವಲ್ಪ ಹೊತ್ತಿನ ಮೇಲೆ "ನೆಗಡಿ ಹೋಯ್ತಾ?" ಅಂದೆ. ನೆಗಡಿ ಬಂದೇ ಇಲ್ಲ ಅಂದಳು. ಬೇರೇನೂ ತೋಚದೆ ಮತ್ತೆ "ಊಟ ಆಯ್ತಾ?" ಅಂದೆ. ಅವಳು ನಕ್ಕಳು. ನಕ್ಕು, ನನ್ನ ಮುಖವನ್ನೇ ನೋಡುತ್ತಾ "ಏನಾದ್ರೂ ಕೇಳೋದಿತ್ತಾ ಅಪ್ಪ?" ಅಂದಳು.

"ಏನಿಲ್ಲ ಕಣವ್ವ."

ಅವಳು ಡಬ್ಬಿ ತೊಳೆದುಕೊಂಡು ಹೋದಳು.

ಮೂರನೆಯ ಪರೀಕ್ಷೆಯ ದಿನ ಕೆಂಚಪ್ಪನವರ ಹಿತ್ತಿಲ ಗೋಡೆಯ ಮೇಲೆ ತಲೆಗಳೇ ತಲೆಗಳು. ಕೇರಿಯ ಹಿರಿಯರು ಹಲಗೆಯನ್ನೂ ಮೊಳೆಯ ಡಬ್ಬವನ್ನೂ ತಂದು ಬಾವಿಯ ಪಕ್ಕ ಇಟ್ಟುಕೊಂಡೇ ಕೂತಿದ್ದರು. ವಾಗೀಶ ಲಾರಿಗೆ ರಜೆ ಹಾಕಿದ್ದ. ಅಂದಾನಮ್ಮ ಹಿತ್ತಿಲ ಜಗಲಿಯ ಮೇಲೆ ಕೂತು ಯಾವುದೋ ಮದುವೆಗೆ ಬಂದವರಂತೆ ಎಲ್ಲರನ್ನೂ ನೋಡಿ ಮುಗುಳ್ನಗುತ್ತಿದ್ದರು.

ಬಣ್ಣ ನೋಡಿದೆ, ಚೆನ್ನಾಗಿತ್ತು. ತಿಕ್ಕಿದೆ, ಮರಳಿಲ್ಲ. ಮೂಸಿದೆ, ಸಿಹಿ. ಸೌಟು ಕೆಂಡದ ಮೇಲೆ ಕಾಯುತ್ತಿತ್ತು. ಮಿಳ್ಳೆ ಎತ್ತಿಕೊಂಡು, ಬಾಯಿಗೆ ಹೆಬ್ಬೆರಳು ಒತ್ತಿ, ತೊಟ್ಟಿಯ ಅಂಚಿಗೆ ಬಗ್ಗಿದೆ. ಮೂವತ್ತೊಂದು ವರ್ಷ ತಳಕ್ಕೇ ಇಳಿದ ಕೈ ಅದು. ಜನರಿಗೆ ನನ್ನ ಬೆನ್ನು ಮಾತ್ರ ಕಾಣುತ್ತಿತ್ತು. ಮಣಿಕಟ್ಟು ಮುಳುಗುತ್ತಲೇ ಬೆರಳು ತೆಗೆದುಬಿಟ್ಟೆ. ಮಿಳ್ಳೆ ಸದ್ದಿಲ್ಲದೆ ಮೇಲಿನ ಎಣ್ಣೆಯಿಂದ ತುಂಬಿಕೊಂಡಿತು. ಬಗ್ಗಿಯೇ ಸ್ವಲ್ಪ ಹೊತ್ತು ಕಾದು, ಆಮೇಲೆ ಎದ್ದೆ. ನಾಚಿಕೆಯಾಯಿತು. ಆದರೆ ಮಗಳು ಉಳಿಯುತ್ತಾಳಲ್ಲ ಅನ್ನುವ ಸಮಾಧಾನ ನಾಚಿಕೆಗಿಂತ ದೊಡ್ಡದಿತ್ತು, ಸುಳ್ಳು ಯಾಕೆ ಹೇಳಲಿ.

ನಾಲ್ಕು ಹನಿ ಬಿಟ್ಟೆ. ಸೌಟು ಹೊಗೆಯಾಡಿತು. ಸದ್ದಿಲ್ಲ.

"ಸುಮ್ಮನಿದೆ" ಅಂದೆ.

ಗೋಡೆಯ ಮೇಲಿದ್ದವರು ಹೋ ಅಂದರು. ವಾಗೀಶ ಎರಡು ಕೈಯಲ್ಲಿ ಮುಖ ಮುಚ್ಚಿಕೊಂಡ. ಹಿರಿಯರು ಹಲಗೆಯನ್ನು ಎತ್ತಿ ಹೆಗಲಿಗೆ ಹಾಕಿಕೊಳ್ಳುವಷ್ಟರಲ್ಲಿ ಕೊಟ್ರವ್ವ ಬಾಗಿಲಿನಿಂದ ಇಳಿದು ಬಂದಳು. ನೇರ ನನ್ನ ಮುಂದೆ ನಿಂತಳು. ನನ್ನ ಮುಖವನ್ನಲ್ಲ, ನನ್ನ ಬಲಗೈಯನ್ನು ನೋಡುತ್ತಿದ್ದಳು. ಮಣಿಕಟ್ಟಿನವರೆಗೆ ಎಣ್ಣೆ ತೊಟ್ಟಿಕ್ಕುತ್ತಿತ್ತು, ಅದರ ಮೇಲೆ ಮೊಣಕೈವರೆಗೆ ಹಳೆಯ ಕಪ್ಪು, ಒಣಗಿದ್ದು.

"ಗುಳ್ಳೆ ಸದ್ದು ಕೇಳಲಿಲ್ಲ ಅಪ್ಪ" ಅಂದಳು, ಮೆಲ್ಲಗೆ.

"ಸುಮ್ನಿರವ್ವ. ಮುಗೀತು" ಅಂದೆ, ಅದಕ್ಕಿಂತ ಮೆಲ್ಲಗೆ.

ಅವಳು ಸುಮ್ಮನಿರಲಿಲ್ಲ. ಸೆರಗು ಸಿಕ್ಕಿಸಿ, ಬಳೆಗಳನ್ನು ಮೇಲಕ್ಕೆ ಸರಿಸಿ, ನನ್ನ ಕೈಯಿಂದ ಮಿಳ್ಳೆ ತೆಗೆದುಕೊಂಡಳು. "ಎಲ್ರೂ ಒಂದು ನಿಮಿಷ ನಿಲ್ಲಿ. ಇದು ಮೇಲಿನ ಎಣ್ಣೆ. ತಳದ್ದು ಇನ್ನೂ ನೋಡಿಲ್ಲ" ಅಂತ ಗಟ್ಟಿಯಾಗಿ ಹೇಳಿದಳು. ಬೇಡ ಕಣವ್ವ, ಬೇಡ ಅಂತ ಕೈ ಹಿಡಿಯಲು ಹೋದೆ. ಅಷ್ಟರಲ್ಲಿ ಅವಳ ತೋಳು ಮೊಣಕೈ ದಾಟಿ ಮುಳುಗಿತ್ತು. ಗುಳುಗುಳು ಅಂತ ಗುಳ್ಳೆ ಎದ್ದವು. ಮಿಳ್ಳೆ ಎತ್ತಿ, ಸೌಟಿಗೆ ನಾಲ್ಕು ಹನಿಯಲ್ಲ, ಧಾರೆಯಾಗಿ ಬಿಟ್ಟಳು.

ಸೌಟು ಹೊಗೆಯಾಡಿತು. ಮತ್ತೇನೂ ಇಲ್ಲ. ಕಾದೆವು. ಕೆಂಡ ಚಿಟಿಲ್ ಅಂದರೂ ಬೆಚ್ಚಿಬೀಳುವ ಹಾಗೆ ಕಾದೆವು. ತಳದ ಎಣ್ಣೆಯಲ್ಲಿ ಒಂದು ಹನಿ ನೀರಿರಲಿಲ್ಲ.

"ಸುಮ್ಮನಿದೆ" ಅಂದಳು ಕೊಟ್ರವ್ವ, ನಾನು ಹೇಳುವ ಧಾಟಿಯಲ್ಲೇ.

ಆಗ ಕೆಂಚಪ್ಪನವರು ಮುಂದೆ ಬಂದರು. ಆ ನೆಟ್ಟಗಿನ ಮನುಷ್ಯ ಅವತ್ತು ಸ್ವಲ್ಪ ಬಾಗಿದ್ದರು. "ಹೋದ ಎರಡು ಸಲ ಮಾತಾಡಿದ್ದು ನನ್ನಿಂದ ಬೀಗರೇ" ಅಂದರು. "ಇವಳಿಗೆ ನನ್ನ ಗುರುತು ಸಿಗ್ತಿಲ್ಲ. ನಲವತ್ತು ವರ್ಷ ಸಂಸಾರ ಮಾಡಿದೋಳು, ಬೆಳಿಗ್ಗೆ ಎದ್ದು ನೀವ್ಯಾರು ಅಂತಾಳೆ. ಎಣ್ಣೆ ಸೇದೋಕೆ ಅಂತ ನಾನು ಬಾವಿ ಮೇಲೆ ಬಗ್ಗಿದಾಗ ಅಳು ತಡೆಯೋಕಾಗ್ತಿರಲಿಲ್ಲ. ಈ ಹುಡುಗಿ ನೋಡಿಬಿಟ್ಲು. ಯಾರಿಗೂ ಹೇಳಲಿಲ್ಲ. ಊರಿನ ಕಣ್ಣೆಲ್ಲ ತನ್ನ ಮೇಲಿರಲಿ ಅಂತ ದಿನಾ ತಾನು ರಸ್ತೇಲಿ ಮುಂದೆ ಹೋಗೋಳು, ನಾನು ಹಳ್ಳದ ದಾರೀಲಿ ಹಿಂದೆ. ನಾನು ಅತ್ತು ಮುಗಿಸೋತನಕ ಅಲ್ಲೇ ಒಂದು ಕಲ್ಲಿನ ಮೇಲೆ ಕೂತ್ಕೊಂಡು ನನ್ನ ಟವೆಲ್ ಹಿಡ್ಕೊಂಡಿರೋಳು."

ಅಂದಾನಮ್ಮ "ಪಾಪ, ಯಾರ ಮನೆಯೋರು ಇವರು?" ಅಂತ ಪಕ್ಕದವರನ್ನು ಕೇಳಿದರು.

ಕೊಟ್ರವ್ವ ಮಿಳ್ಳೆಯನ್ನು ನನ್ನ ಕೈಗೆ ವಾಪಸು ಕೊಟ್ಟಳು. ಅವಳ ಕೈಯೂ ಈಗ ನನ್ನ ಕೈಯಂತೆ ಕಪ್ಪಾಗಿತ್ತು. "ನಾನು ಅತ್ತಿದೀನಿ ಅಂತಲೇ ಅಂದ್ಕೊಂಡ್ಯಲ್ಲ" ಅಂದಳು. "ಒಂದು ಮಾತು ಕೇಳಬಹುದಿತ್ತಲ್ಲಪ್ಪ."

ನಾನು ಬಾಯಿ ತೆರೆದೆ. ಕಟ್ಟಳೆ ಅಂತ ಹೇಳಲು ಹೊರಟಿದ್ದೆ. ಅವಳ ಕಣ್ಣು ತುಂಬಿಕೊಳ್ಳುವುದು ಕಾಣಿಸಿತು. ಅವಳು ತಟ್ಟನೆ ತಲೆ ಎತ್ತಿ, ಆಕಾಶ ನೋಡುತ್ತಾ, ಕಾಲಿನಲ್ಲೇ ತಡವಿ ಚಪ್ಪಲಿ ಹುಡುಕಿದಳು. ಜನ ದಾರಿ ಬಿಟ್ಟರು. ಹತ್ತು ತಿಂಗಳು ಗಂಡನ ಮನೆಯಲ್ಲಿ ಅಳದವಳು, ಮಾವನ ಅಳುವನ್ನು ಅವಳದು ಅಂತ ಊರು ಆಡಿಕೊಂಡರೂ ಅಳದವಳು, ಅವತ್ತು ತನ್ನ ಸ್ವಂತ ಅಳುವನ್ನು ಹೊತ್ತುಕೊಂಡು ಕಟ್ಟೆಗೆ ಹೋದಳು. ನಾನು ಹಿಂದೆ ಹೋಗಬೇಕಿತ್ತು. ಸೌಟು ಹಿಡಿದುಕೊಂಡು ಅಲ್ಲೇ ನಿಂತಿದ್ದೆ. ಅದು ಬಿಸಿಯಾಗಿದೆ ಅಂತಲೂ ತಡವಾಗಿ ಗೊತ್ತಾಯಿತು.

ಮೇಲಿನ ಎಣ್ಣೆ ತೆಗೆದ ಬೊಟ್ಟಿನವನನ್ನು ಯಾರೂ ಇಟ್ಟುಕೊಳ್ಳುವುದಿಲ್ಲ. ಯಾರೂ ಹೇಳುವ ಮೊದಲೇ ನಾನು ಡಿಪೋಗೆ ಹೋಗಿ ಮಿಳ್ಳೆಯನ್ನೂ ಸೌಟನ್ನೂ ಒಪ್ಪಿಸಿ ಬಂದೆ. ಅವರು ಬೇರೆ ಯಾರನ್ನೂ ಹುಡುಕಲಿಲ್ಲ. ಕೊಟ್ರವ್ವನ ತೋಳು ಮುಳುಗಿದ್ದನ್ನು ಇಡೀ ಕೇರಿ ನೋಡಿತ್ತಲ್ಲ. ಹೆಣ್ಣು ಬೊಟ್ಟಿನವಳು ಇದುವರೆಗೆ ಇರಲಿಲ್ಲ ಅಂತ ಒಬ್ಬಿಬ್ಬರು ಗೊಣಗಿದರು. 'ನಿಮ್ಮ ತೊಟ್ಟಿಗೆ ಅವಳು ಕೈ ಹಾಕೋದು ಬೇಡ ಅಂದ್ರೆ ಲಾರಿನೂ ಬೇಡವಾ?' ಅಂತ ಡಿಪೋದವರು ಕೇಳಿದ ಮೇಲೆ ಗೊಣಗು ನಿಂತಿತು. ಕೆಂಚಪ್ಪನವರು ಈಗ ರಸ್ತೆಯಲ್ಲೇ ಕಟ್ಟೆಗೆ ಹೋಗುತ್ತಾರೆ, ಟವೆಲ್ ಹೆಗಲ ಮೇಲೆ. 'ಗಾಳಿಗಾ?' ಅಂದರೆ 'ಅಲ್ಲಪ್ಪ, ಅಳೋಕೆ' ಅನ್ನುತ್ತಾರೆ. ಒಂದೊಂದು ದಿನ ಅಂದಾನಮ್ಮನೂ ಜೊತೆಗಿರುತ್ತಾರೆ.

ತಿಂಗಳು ತುಂಬಿದಾಗ ಕೊಟ್ರವ್ವ ನಮ್ಮ ಬೀದಿಗೆ ಬಂದಳು. ಅದುವರೆಗೆ ನನ್ನ ಜೊತೆ ಮಾತಾಡಿರಲಿಲ್ಲ. ನಮ್ಮನೆಯ ಹಿತ್ತಿಲಿಗೆ ಬಂದು, ಬಣ್ಣ ನೋಡಿ, ತಿಕ್ಕಿ, ಮೂಸಿ, ಮಿಳ್ಳೆಯನ್ನು ತಳಕ್ಕೆ ಇಳಿಸಿದಳು. ನನ್ನ ತೊಟ್ಟಿಯಲ್ಲಿ ಏನಿದೆ ಅಂತ ನನಗೆ ಗೊತ್ತಿತ್ತು. ಒಂದು ತಿಂಗಳು ನಾನು ಚಪ್ಪಲಿ ಹುಡುಕಿರಲಿಲ್ಲ. ಬಾಗಿಲ ಪಕ್ಕದಲ್ಲೇ ಇದ್ದವು, ಮೆಟ್ಟಿಕೊಳ್ಳುವ ಮನಸ್ಸಾಗಿರಲಿಲ್ಲ.

ಸೌಟು ಚಟಪಟ ಅಂದಿತು. ಒಂದಲ್ಲ ಎರಡಲ್ಲ, ಒಗ್ಗರಣೆ ಸಿಡಿದ ಹಾಗೆ ಸಿಡಿಯುತ್ತಲೇ ಇತ್ತು. ಗೋಡೆಯಾಚೆ ಪಿಸುಗುಟ್ಟುವುದು ಕೇಳಿಸಿತು.

"ಮಾತಾಡ್ತು" ಅಂದಳು ಕೊಟ್ರವ್ವ, ಎಲ್ಲ ಮನೆಗೂ ಹೇಳುವ ಧಾಟಿಯಲ್ಲೇ. ನಾನು ತಲೆಯಾಡಿಸಿದೆ. ಇನ್ನು ಅವಳು ಎದ್ದು ಹೋಗಬೇಕಿತ್ತು. ಎದ್ದಳು, ಸೌಟನ್ನು ಕಲ್ಲಿನ ಮೇಲೆ ಇಟ್ಟಳು, ಹೋಗಲಿಲ್ಲ. ಮೊಣಕೈಯಿಂದ ಎಣ್ಣೆ ತೊಟ್ಟಿಕ್ಕುತ್ತಿರಲು ಅಲ್ಲೇ ನಿಂತು ಕೇಳಿದಳು:

"ಯಾರಪ್ಪ ಅತ್ತಿದ್ದು?"

"ನಾನೇ ಕಣವ್ವ" ಅಂದೆ.

ಅವಳು ನನ್ನ ಪಕ್ಕದಲ್ಲಿ ಕೂತು, ಕುಡಿಯಲು ನೀರು ಕೇಳಿದಳು.